ಸೆರಗಿನ ಹಾಸು, ಜಾಲತಾಣದ ಥೀಮ್

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಪ್ರತ್ಯೇಕವಾಗಿ ಅಣಿಗೊಳಿಸಿದ ಈ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ವರ್ಡ್‌ಪ್ರೆಸ್, ದ್ರುಪಲ್‌ನಂಥ ವಿಷಯ ನಿರ್ವಹಣಾ ವ್ಯವಸ್ಥೆಗಳನ್ನು, ಅಂದರೆ ಜಾಲತಾಣ ಕಟ್ಟಿ ನಡೆಸುವ ತಂತ್ರಾಂಶಗಳನ್ನು, ನಮ್ಮ ಭಾಗದ ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಅಲ್ಲಿಯೂ ಬರಹ ಒಂದು ಕಡೆ, ಅದರ ರೂಪ ಇನ್ನೊಂದು ಕಡೆ ಇರುತ್ತದೆ. ನಡುವಿನ ಕೊಂಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಅರಿತವರಿಗೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್‌ಗೆ ಥೀಮ್ (ತಾಣದ ರೂಪವನ್ನು ತೀರ್ಮಾನಿಸುವ ಕಡತಗಳ ಕಟ್ಟು) ವ್ಯವಸ್ಥೆ ಬಂದದ್ದು 2005ರ ಫೆಬ್ರುವರಿಯಲ್ಲಿ, 1.5ನೇ ಆವೃತ್ತಿಯೊಡನೆ. ಲೇಖನಗಳೆಲ್ಲ ಡೇಟಾಬೇಸಿನ ಕೋಷ್ಟಕಗಳಲ್ಲಿ ಕೂತಿರುತ್ತವೆ. ಓದುಗರು ಪುಟವೊಂದನ್ನು ಕೇಳಿದಾಗ ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಆ ಬರಹವನ್ನು ಹೊರತೆಗೆದು, ಥೀಮಿನೊಳಗಿನ ತಕ್ಕ ಅಚ್ಚಿಗೆ ಸುರಿದು ಕಳಿಸುತ್ತದೆ. ಬಿಡಿ ಲೇಖನಕ್ಕೆ ಒಂದು ಅಚ್ಚು, ಲೇಖನಗಳ ಪಟ್ಟಿಗೆ ಇನ್ನೊಂದು. ತಕ್ಕ ಅಚ್ಚು ಸಿಗದಿದ್ದರೆ ಹುಡುಕಾಟ ಕೊನೆಗೆ ಇಂಡೆಕ್ಸ್ ಎಂಬ ಕಡತಕ್ಕೆ ಬಂದು ನಿಲ್ಲುತ್ತದೆ. ಈ ಹುಡುಕಾಟದ ದಾರಿಯನ್ನು ಹೊಸಬರು ಒಮ್ಮೆ ಕಾಗದದ ಮೇಲೆ ಬರೆದುಕೊಳ್ಳಬೇಕೆಂಬುದು ನನ್ನ ಒತ್ತಾಯ.

ಮೊದಲ ಪ್ರಯೋಗಕ್ಕೆ ಕನ್ನಡದ ಶೀರ್ಷಿಕೆಯೊಂದೇ ಸಾಕು. ಇಂಗ್ಲಿಷಿನ ಅಳತೆಗೆ ರೂಪಿಸಿದ ಥೀಮಿನಲ್ಲಿ ಸಾಲುಗಳ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ ಇದ್ದರೆ, ‘ವೈಶಿಷ್ಟ್ಯ’ ಎಂಬ ಪದದ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗಬಹುದು, ಇಲ್ಲವೇ ಚೌಕಟ್ಟಿನ ಅಂಚಿನಲ್ಲಿ ಕತ್ತರಿಸಿ ಹೋಗಬಹುದು. ಅಳತೆಯನ್ನು 1.7ಕ್ಕೆ ಏರಿಸಿದರೆ ಅಕ್ಷರಗಳು ಉಸಿರಾಡುತ್ತವೆ. ಆದರೆ ತಿದ್ದುಪಡಿಯನ್ನು ಮೂಲ ಥೀಮಿನಲ್ಲೇ ಮಾಡಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. ಆದ್ದರಿಂದ ಮರಿ ಥೀಮ್ ಮಾಡಿಕೊಳ್ಳಬೇಕು: ಅದರ ಶೈಲಿ ಕಡತದ ತಲೆಬರಹದಲ್ಲಿ ಮೂಲ ಥೀಮಿನ ಫೋಲ್ಡರ್ ಹೆಸರನ್ನು ನಮೂದಿಸಿದರೆ, ವರ್ಡ್‌ಪ್ರೆಸ್ ಪ್ರತಿ ಅಚ್ಚನ್ನೂ ಮೊದಲು ಮರಿಯಲ್ಲಿ, ಅಲ್ಲಿ ಇಲ್ಲದಿದ್ದರೆ ಮೂಲದಲ್ಲಿ ಹುಡುಕುತ್ತದೆ.

ಬರಹ ಮತ್ತು ರೂಪ ಬೇರ್ಪಡದಿದ್ದರೆ ಆಗುವ ಕಷ್ಟವನ್ನು ಕನ್ನಡಿಗರು ಉಂಡವರೇ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳು. ಅವನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟ್ ಮಾತ್ರ. ಥೀಮ್ ಬದಲಿಸಿ ಆ ಫಾಂಟ್ ಹೋದರೆ ಅರ್ಥವಿಲ್ಲದ ಗುರುತುಗಳು ಉಳಿಯುತ್ತವೆ. ಯೂನಿಕೋಡಿನಲ್ಲಾದರೋ ‘ಕ’ ಅಕ್ಷರಕ್ಕೆ, ದಶಮಾನ ಲೆಕ್ಕದಲ್ಲಿ, 3221 ಎಂಬ ತನ್ನದೇ ಸಂಖ್ಯೆ ಇದೆ. ಯಾವ ಥೀಮ್ ತೊಡಿಸಿದರೂ ಅದು ‘ಕ’ ಆಗಿಯೇ ಉಳಿಯುತ್ತದೆ. ಆದ್ದರಿಂದ ಊರಿನ ಸಂಘವೊಂದರ ಹಳೆಯ ಸಂಚಿಕೆಗಳನ್ನು ತಾಣಕ್ಕೆ ತರುವವರು ಥೀಮಿನ ಆಯ್ಕೆಗೂ ಮುನ್ನ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲ ಪ್ರತಿಯೊಡನೆ ತಾಳೆ ನೋಡಿ, ಆಮೇಲೆ ಡೇಟಾಬೇಸಿಗೆ ಏರಿಸಬೇಕು.