ಪ್ಲೇಗಿನ ಲೆಕ್ಕದಲ್ಲಿ ಇಲಿ ಎಲ್ಲಿ?

ಯಾವ ಗಣಿತ ಮಾದರಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಒಂದನ್ನೇ: ಇದರಲ್ಲಿ ಏನನ್ನು ಬಿಟ್ಟಿದ್ದಾರೆ?

ಬಸವನಗುಡಿಯ ಯಾವುದಾದರೂ ದರ್ಶಿನಿಗೆ ಬೆಳಿಗ್ಗೆ ಹೋಗಿ. ನಿಮಿಷಕ್ಕೆ ಸರಾಸರಿ 4 ಜನ ಬರುತ್ತಾರೆ, ಟೋಕನ್ ಹಿಡಿದು ದೋಸೆಗೆ ಕಾಯುವವರು ಸರಾಸರಿ 12 ಅಂದುಕೊಳ್ಳಿ. ಹನ್ನೆರಡನ್ನು ನಾಲ್ಕರಿಂದ ಭಾಗಿಸಿ. ಒಬ್ಬರು ಸರಾಸರಿ 3 ನಿಮಿಷ ಕಾಯುತ್ತಾರೆ. ಇದು ಲಿಟಲ್ ನಿಯಮ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ಯಾರು ಸೆಟ್ ದೋಸೆ ಕೇಳಿದರು, ಜನ ಒಬ್ಬೊಬ್ಬರೇ ಬಂದರೋ ಗುಂಪಾಗಿ ಬಂದರೋ, ಯಾವುದೂ ಬೇಡ. ಸಾಲು ಬೆಳೆಯುತ್ತಲೇ ಹೋಗದಿದ್ದರೆ ಸಾಕು. ಇಷ್ಟೆಲ್ಲ ಬಿಟ್ಟೂ ಕೆಡದ ಲೆಕ್ಕ ಅಪರೂಪ.

ರೋಗದ ಲೆಕ್ಕ ಅಷ್ಟು ಸಲೀಸಲ್ಲ. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ರೋಗ ಹಬ್ಬುವುದಕ್ಕೆ ಕೊಟ್ಟ ಮಾದರಿಯ ಸರಳ ರೂಪದಲ್ಲಿ ಮೂರು ಗುಂಪು: ರೋಗ ತಗಲಬಹುದಾದವರು (ಎಸ್), ತಗಲಿದವರು (ಐ), ಗುಣವಾದವರು ಅಥವಾ ಸತ್ತವರು (ಆರ್). ದಿನದ ಹೊಸ ಸೋಂಕು ಬೀಟಾ × ಎಸ್ × ಐ. ಬೀಟಾ ಅಂದರೆ ರೋಗ ಒಬ್ಬರಿಂದ ಒಬ್ಬರಿಗೆ ಎಷ್ಟು ಸುಲಭವಾಗಿ ದಾಟುತ್ತದೆ ಎನ್ನುವ ಅಳತೆ. ಗುಣಾಕಾರ ಯಾಕೆ? ಎರಡು ಗುಂಪಿನವರು ಎದುರಾಗುವ ಸಾಧ್ಯತೆಗಳು ಹಾಗೇ ಹೆಚ್ಚುತ್ತವೆ, ಅಲ್ವಾ? ದಿನಕ್ಕೆ ಸೋಂಕಿನಿಂದ ಹೊರಬರುವವರು ಗಾಮಾ × ಐ; ಗಾಮಾ ಅಂದರೆ ತಗಲಿದವರಲ್ಲಿ ದಿನಕ್ಕೆ ಎಷ್ಟು ಪಾಲು ಹೊರಬರುತ್ತಾರೆ ಎನ್ನುವುದು. ಎರಡನ್ನೂ ಹೋಲಿಸಿ: ಎಸ್, ಗಾಮಾ/ಬೀಟಾಕ್ಕಿಂತ ಜಾಸ್ತಿ ಇರುವವರೆಗೆ ಮಾತ್ರ ಐ ಏರುತ್ತದೆ. ಅಂದರೆ ಎಲ್ಲರಿಗೂ ತಗಲುವ ಮುಂಚೆಯೇ ರೋಗ ಇಳಿಯತೊಡಗುತ್ತದೆ. ಇಷ್ಟು ದೊಡ್ಡ ಮಾತು ಎರಡು ಗೆರೆಯಲ್ಲಿ ಸಿಕ್ಕಿತಲ್ಲ ಎಂದು ನನಗೆ ಈಗಲೂ ಖುಷಿಯಾಗುತ್ತದೆ.

ಅವರು ಇದನ್ನು ಮುಂಬಯಿಯಲ್ಲಿ 1905-06ರಲ್ಲಿ ವಾರವಾರ ಪ್ಲೇಗಿಗೆ ಸತ್ತವರ ಸಂಖ್ಯೆಯ ಜೊತೆ ಹೋಲಿಸಿದರು. ಮಾದರಿಯ ರೇಖೆ ಆ ಅಂಕಿಗಳಿಗೆ ಚೆನ್ನಾಗಿ ಹೊಂದಿತು. ಆದರೆ ಪ್ಲೇಗ್ ಹೆಚ್ಚಾಗಿ ಇಲಿಯ ಮೈಮೇಲಿನ ಚಿಗಟದಿಂದ ಬರುವ ರೋಗ. ಇಲಿಗಳಲ್ಲಿ ಹಬ್ಬಿದ ಪ್ಲೇಗಿನ ನೆರಳೇ ಮನುಷ್ಯರಲ್ಲಿ ಕಾಣುತ್ತದೆ ಎಂದು ಅವರು ಊಹಿಸಿಕೊಂಡಿದ್ದರು. ಊಹೆಗಳು ಪೂರ್ತಿ ನಿಜವಲ್ಲ, ಅಂಕಿಗಳು ತೀರಾ ಅಂದಾಜಿನವು ಎಂದೂ ಅಲ್ಲೇ ಬರೆದರು. ಆ ಪ್ರಾಮಾಣಿಕತೆ ರೇಖೆಗಿಂತ ದೊಡ್ಡದು ಅನ್ನಿಸುತ್ತದೆ ನನಗೆ.

ನಮ್ಮೂರಿಗೆ ಬನ್ನಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟಿನ ಬೀದಿ ಬಿಟ್ಟು ಎಷ್ಟೋ ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಹೋದರು. ಎಸ್ ಅಂದರೆ ಮನುಷ್ಯರು ಅಂದುಕೊಂಡರೆ, ಜನರ ನಡುವೆ ಅಂತರ ಹೆಚ್ಚಿ ಬೀಟಾ ಇಳಿಯಿತು ಎನ್ನುತ್ತೇವೆ. ಎಸ್ ಅಂದರೆ ಇಲಿಗಳಾದರೆ, ಬೀಟಾ ಇದ್ದಲ್ಲೇ ಇದೆ. ಇಲಿ ಇದ್ದ ಮನೆಯಿಂದ ಜನ ದೂರವಾದರು, ಅಷ್ಟೇ. ರೇಖೆ ಎರಡಕ್ಕೂ ಹೂಂ ಅನ್ನುತ್ತದೆ. ಮಾಡಬೇಕಾದ ಕೆಲಸ ಮಾತ್ರ ಬೇರೆ: ಒಂದಕ್ಕೆ ಅಗಲ ರಸ್ತೆ, ಇನ್ನೊಂದಕ್ಕೆ ಇಲಿ ನುಗ್ಗದ ಗೋಡೆ, ಧಾನ್ಯ ಚೆಲ್ಲದ ಉಗ್ರಾಣ.

ಸ್ಪ್ರೆಡ್‌ಶೀಟ್‌ನಲ್ಲಿ ಬೀಟಾವನ್ನು ಅರ್ಧ ಮಾಡಿ ನೋಡಿ. ಸೋಂಕಿನ ರೇಖೆಯ ಶಿಖರ ತಗ್ಗುತ್ತದೆ. ಆಮೇಲೆ ಪಕ್ಕದಲ್ಲಿ ಬರೆಯಿರಿ, ಬೀದಿಯಲ್ಲಿ ಏನು ಬದಲಾದರೆ ಅದು ಅರ್ಧವಾದೀತು ಎಂದು.