ಒಂದೇ ಹೊಲ, ಮೂರು ವಿಸ್ತೀರ್ಣ

45 ಡಿಗ್ರಿ ಅಕ್ಷಾಂಶದಲ್ಲಿ ಸರಿಯಾಗಿ ಒಂದು ಹೆಕ್ಟೇರಿನ ಹೊಲವಿದೆ ಎನ್ನಿ. ನಾಲ್ಕು ಮೂಲೆಗಳ ಜಿಪಿಎಸ್ ಬಿಂದುಗಳನ್ನು ಅಂತರ್ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ನಕ್ಷೆಗೆ ಇಳಿಸಿ ಲೆಕ್ಕ ಹಾಕಿದರೆ ಬರುವುದು ಸುಮಾರು ಎರಡು ಹೆಕ್ಟೇರ್! ಬಿಂದುಗಳೂ ಸರಿ, ಗುಣಾಕಾರವೂ ಸರಿ. ಎಡವಟ್ಟು ಇರುವುದು ಪ್ರಕ್ಷೇಪದಲ್ಲಿ, ಅಂದರೆ ಗುಂಡಗಿನ ಭೂಮಿಯನ್ನು ಹಾಳೆಗೆ ಇಳಿಸಿದ ರೀತಿಯಲ್ಲಿ.

ಈ ರೀತಿ 1569ರದು. ಗೆರಾರ್ಡಸ್ ಮರ್ಕೇಟರ್ ಅದನ್ನು ರೂಪಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ಹಡಗಿನ ದಾರಿ ನಕ್ಷೆಯಲ್ಲಿ ನೇರ ಗೆರೆಯಾಗಬೇಕಿತ್ತು, ಆಯಿತು. ಆದರೆ ಸಮಭಾಜಕದಿಂದ ದೂರ ಸರಿದಷ್ಟೂ ವಿಸ್ತೀರ್ಣ ಉಬ್ಬಿತು: 60 ಡಿಗ್ರಿಯಲ್ಲಿ ನಾಲ್ಕು ಪಟ್ಟು. ಹೊಲ ಅಳೆಯಲೆಂದು ಆತ ಅದನ್ನು ಮಾಡಿರಲೇ ಇಲ್ಲ, ಪಾಪ.

1772ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಹಲವು ಹೊಸ ಪ್ರಕ್ಷೇಪಗಳನ್ನು ಕೊಟ್ಟ. ಕೆಲವು ಕೋನ ಉಳಿಸುತ್ತವೆ, ಕೆಲವು ವಿಸ್ತೀರ್ಣ ಉಳಿಸುತ್ತವೆ. ಗೋಳವನ್ನು ಎಲ್ಲೂ ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲಾಗದೆಂಬುದು ಗಣಿತಜ್ಞ ಗೌಸ್‌ನ 1827ರ ಪ್ರಮೇಯದಿಂದ ಖಚಿತವಾಯಿತು. ಹಾಗಾಗಿ ಎರಡರಲ್ಲಿ ಒಂದನ್ನು ಬಿಡಲೇಬೇಕು. ಸರ್ವೆಯವರು ಕೋನ ಹಿಡಿದರು, ವಿಸ್ತೀರ್ಣ ಬಿಟ್ಟರು. ಕೋನ ಅಳೆಯುವ ಉಪಕರಣವಾದ ಥಿಯೊಡೊಲೈಟ್ ತೋರಿಸಿದ ಕೋನ ನಕ್ಷೆಯಲ್ಲೂ ಹಾಗೇ ಇರಬೇಕಲ್ಲ?

ಇಂದು ಬಹಳ ಕಡೆ ಬಳಸುವ ಯುಟಿಎಂ ಎಂಬ ಪ್ರಕ್ಷೇಪ ವ್ಯವಸ್ಥೆಯೂ ಕೋನ ಉಳಿಸುವ ಇದೇ ವಂಶದ್ದು. ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಿದ್ದರಿಂದ ಉಬ್ಬು ಬಹಳ ತಗ್ಗಿದೆ. ಆದರೂ ವಲಯದ ನಡುರೇಖೆಯಲ್ಲಿ ಉದ್ದವನ್ನು ಬೇಕೆಂದೇ 0.9996ಕ್ಕೆ ಇಳಿಸಲಾಗಿದೆ, ಅಂಚಿನಲ್ಲಿ ತೀರಾ ಹಿಗ್ಗದಿರಲಿ ಎಂದು. ನಮ್ಮ ಹೊಲ ಆ ರೇಖೆಯ ಮೇಲಿದ್ದರೆ 10,000 ಚದರ ಮೀಟರ್ ಬದಲು 9,992 ಕಾಣುತ್ತದೆ. ಇಷ್ಟೇ ದೊಡ್ಡ ಹೊಲ ಸಮಭಾಜಕದ ಬಳಿ ವಲಯದ ಅಂಚಿನಲ್ಲಿದ್ದರೆ ಸುಮಾರು 20 ಚದರ ಮೀಟರ್ ಹೆಚ್ಚು. ಒಂದು ಹೊಲಕ್ಕೆ ಇದು ಚಿಲ್ಲರೆ. ಸಾವಿರ ಹೆಕ್ಟೇರಿಗೆ, ನಡುರೇಖೆಯಲ್ಲೇ, ಮುಕ್ಕಾಲು ಹೆಕ್ಟೇರಿಗೂ ಹೆಚ್ಚು ಮಾಯ. ನೆಲದ ಎತ್ತರದ ಲೆಕ್ಕ ಬೇರೆ, ಏಕೆಂದರೆ ನಕ್ಷೆಯ ಲೆಕ್ಕ ಹೆಚ್ಚುಕಡಿಮೆ ಸಮುದ್ರಮಟ್ಟದ್ದು: 1,000 ಮೀಟರ್ ಎತ್ತರದಲ್ಲಿ ಹೆಕ್ಟೇರಿಗೆ 3 ಚದರ ಮೀಟರ್ ವ್ಯತ್ಯಾಸ.

2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಮರ್ಕೇಟರ್ ಮತ್ತೆ ಎಲ್ಲರ ಪರದೆ ಹತ್ತಿತು. ನಕ್ಷೆ ತಂತ್ರಾಂಶದಲ್ಲಿ ಪದರದ ಗುಣಲಕ್ಷಣದಲ್ಲಿ 3857 ಎಂಬ ಸಂಖ್ಯೆ ಕಂಡರೆ ಅದೇ ಇದು. ಕ್ಯೂಜಿಐಎಸ್ ಎಂಬ ಅಂಥ ತಂತ್ರಾಂಶದಲ್ಲಿ ವಿಸ್ತೀರ್ಣ ಕೇಳಲು ಎರಡು ದಾರಿಗಳಿವೆ. ಸಾದಾ 'ಏರಿಯಾ' ಹಾಳೆಯ ಮೇಲಿನ ಲೆಕ್ಕ ಕೊಡುತ್ತದೆ. ಡಾಲರ್ ಚಿಹ್ನೆ ಹಚ್ಚಿದ 'ಏರಿಯಾ', ಯೋಜನೆಯಲ್ಲಿ ದೀರ್ಘವೃತ್ತಗೋಳ (ಭೂಮಿಯ ತುಸು ಚಪ್ಪಟೆಯಾದ ಗೋಳದ ಮಾದರಿ) ಆರಿಸಿದ್ದರೆ, ಅದರ ಮೇಲೆಯೇ ಅಳೆಯುತ್ತದೆ. ನಮ್ಮ ಹೊಲಕ್ಕೆ ಮೊದಲನೆಯದು 20,000ದ ಆಸುಪಾಸು ಹೇಳಿದರೆ ಎರಡನೆಯದು 10,000 ಎನ್ನುತ್ತದೆ.

ಹಳೆಯ ದಾಖಲೆಯಲ್ಲಿ 9,992 ಇದ್ದು ಹೊಸ ಅಳತೆಯಲ್ಲಿ 10,000 ಬಂದರೆ, ಪಕ್ಕದವರ ಬದು ಒತ್ತಿದಿರಾ ಎಂದು ಯಾರಾದರೂ ಕೇಳುವ ಮೊದಲು ಎರಡೂ ಯಾವ ಪ್ರಕ್ಷೇಪದಲ್ಲಿವೆ ಎಂದು ನೋಡಬೇಕು. ಹಳೆಯದರಲ್ಲಿ ಅದನ್ನು ಬರೆದಿಡದಿದ್ದರೆ ಮೂಲೆಯ ಕಲ್ಲುಗಳನ್ನೇ ಹುಡುಕಿಕೊಂಡು ಹೋಗಬೇಕು.