ಪ್ಲೇಟ್‌ಲೆಟ್ ಲೆಕ್ಕ ಸರಿ, ಅಂಟುವುದು ಹೇಗೆ?

ಡೆಂಗಿ ಬಂತೆಂದರೆ ಮನೆಮಂದಿಯೆಲ್ಲ ಕೇಳುವುದು ಒಂದೇ ಮಾತು: ಪ್ಲೇಟ್‌ಲೆಟ್ ಎಷ್ಟಿದೆ? ಅಡುಗೆಮನೆಯಲ್ಲಿ ಪಪ್ಪಾಯಿ ಎಲೆ ಅರೆಯುತ್ತಿರುತ್ತಾರೆ, ಲ್ಯಾಬ್ ರಿಪೋರ್ಟು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ರಕ್ತ ನಿಲ್ಲಿಸುವ ಪುಟ್ಟ ಕಣಗಳಿವು, ಲೆಕ್ಕ ಬೇಡ ಅನ್ನುತ್ತಿಲ್ಲ. ಆದರೆ ಪ್ಲೇಟ್‌ಲೆಟ್ ಬೇಕಾದಷ್ಟಿದ್ದೂ ರಕ್ತ ನಿಲ್ಲದೆ ಒದ್ದಾಡುವವರಿದ್ದಾರೆ.

1924ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಬಳಿಗೆ ಓಲಾಂಡ್ ದ್ವೀಪಗಳಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಅವಳ ಒಡಹುಟ್ಟಿದವರಲ್ಲಿ ಕೆಲವರು ಆಗಲೇ ರಕ್ತ ಸೋರಿ ತೀರಿಕೊಂಡಿದ್ದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಬಹುಮಟ್ಟಿಗೆ ಗಂಡುಮಕ್ಕಳ ಕಾಯಿಲೆ. ಇಲ್ಲಿ ಹೆಣ್ಣುಮಕ್ಕಳಿಗೂ ಬಂದಿತ್ತು, ಪ್ಲೇಟ್‌ಲೆಟ್ ಲೆಕ್ಕವೂ ಸರಿಯಿತ್ತು. 1926ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಕೊರತೆ ಇದ್ದದ್ದು ಒಂದು ಪ್ರೋಟೀನಿನಲ್ಲಿ ಎಂದು ಗೊತ್ತಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಅದಕ್ಕೀಗ ಅವರದೇ ಹೆಸರು: ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್.

ಈ ಪ್ರೋಟೀನಿನ ಕೆಲಸ ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ರಕ್ತ ಜೋರಾಗಿ ಹರಿದರೆ ಅಂಟಿಕೊಂಡದ್ದು ಕೊಚ್ಚಿಹೋಗಬೇಕು, ಅಲ್ವಾ? ಇಲ್ಲಿ ಉಲ್ಟಾ. ಸುಮ್ನೆ ತೇಲುತ್ತಿರುವಾಗ ಇದು ನೂಲಿನ ಉಂಡೆಯ ಹಾಗೆ ಮುದುಡಿಕೊಂಡಿರುತ್ತದೆ, ಪ್ಲೇಟ್‌ಲೆಟ್ ಹಿಡಿಯುವ ಜಾಗಗಳೆಲ್ಲ ಒಳಗೆ. ರಕ್ತನಾಳ ಹರಿದಾಗ ಗೋಡೆಯಡಿಯ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಹೊರಗೆ ಕಾಣುತ್ತದೆ. ಉಂಡೆಯ ಒಂದು ಕಡೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಉಳಿದದ್ದನ್ನು ಹರಿವೇ ಎಳೆದು ಬಿಚ್ಚುತ್ತದೆ. ಸೆಳೆತ ಜಾಸ್ತಿಯಾದಷ್ಟೂ ಉಂಡೆ ಬಿಚ್ಚುವುದು ಜಾಸ್ತಿ, ಹಿಡಿಯುವ ಜಾಗಗಳು ತೆರೆಯುವುದೂ ಜಾಸ್ತಿ.

ಪ್ಲೇಟ್‌ಲೆಟ್ ಅಡ್ಡಳತೆ ಬರೀ 2–3 ಮೈಕ್ರೋಮೀಟರ್. ಕೆಂಪು ಕಣಗಳು ನಾಳದ ನಡುವೆ ನುಗ್ಗುತ್ತಾ ಇವನ್ನು ಗೋಡೆಯತ್ತ ತಳ್ಳುತ್ತವೆ. ಗಾಯವಾಗುವುದೂ ಗೋಡೆಯಲ್ಲೇ! ಪ್ಲೇಟ್‌ಲೆಟ್ ಮೈಮೇಲಿನ ಜಿಪಿ1ಬಿ ಎಂಬ ಗ್ರಾಹಕ (ರಿಸೆಪ್ಟರ್, ಅಂದರೆ ಹಿಡಿಯುವ ಕೊಕ್ಕೆಯಂಥದ್ದು) ಬಿಚ್ಚಿಕೊಂಡ ಎಳೆಯನ್ನು ಥಟ್ಟನೆ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹೀಗೆ ಉರುಳುತ್ತಾ ವೇಗ ಇಳಿಯುತ್ತದೆ. ಅಷ್ಟರಲ್ಲಿ ಪ್ಲೇಟ್‌ಲೆಟ್ ಎಚ್ಚೆತ್ತು ಇನ್ನೊಂದು ಗ್ರಾಹಕವನ್ನು ಸಜ್ಜು ಮಾಡುತ್ತದೆ. ಅದು ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಇನ್ನೊಂದು ಪ್ರೋಟೀನನ್ನು ಬಿಗಿಯಾಗಿ ಹಿಡಿದು ಪಕ್ಕದ ಪ್ಲೇಟ್‌ಲೆಟ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ನಿಧಾನ ಹರಿಯುವ ನಾಳದಲ್ಲಿ ಫೈಬ್ರಿನೋಜೆನ್ ಒಂದೇ ಸಂಭಾಳಿಸೀತು. ಸಣ್ಣ ಅಪಧಮನಿಯ ರಭಸದಲ್ಲಿ ಅದಕ್ಕೆ ಆ ಮೊದಲ ಹಿಡಿತ ಬೇಕೇ ಬೇಕು.

ಉಂಡೆ ಬಿಚ್ಚಿದರೆ ಅಪಾಯವೂ ಉಂಟು. ತೀರಾ ಉದ್ದದ ಎಳೆಗಳು ಗಾಯವಿಲ್ಲದ ಕಡೆಯೂ ಹೆಪ್ಪುಗಟ್ಟಿಸುತ್ತವೆ. ಅದಕ್ಕೇ ಆಡಮ್‌ಟಿಎಸ್13 (ADAMTS13) ಎಂಬ ಕಿಣ್ವ ಎಳೆದು ನಿಂತ ಎಳೆಗಳನ್ನು ಕತ್ತರಿಸುತ್ತಿರುತ್ತದೆ. 1958ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಹೈಡ್ ಒಂದು ವಿಚಿತ್ರ ಗಮನಿಸಿದ್ದರು: ಹೃದಯದ ಮಹಾಪಧಮನಿ ಕವಾಟ ಕಿರಿದಾದ ಕೆಲವು ಮುದುಕರಲ್ಲಿ ಕರುಳಿನಿಂದ ರಕ್ತ ಹೋಗುತ್ತದೆ. ಹೃದಯಕ್ಕೂ ಕರುಳಿಗೂ ಏನು ನಂಟು? ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವ ರಭಸಕ್ಕೆ ಎಳೆಗಳು ಬಿಚ್ಚಿಕೊಂಡು ಕಿಣ್ವಕ್ಕೆ ಸಿಗುತ್ತವೆ, ಉದ್ದನೆಯವು ಉಳಿಯುವುದೇ ಇಲ್ಲ. ಚೆನ್ನಾಗಿ ಹಿಡಿಯುವುದು ಆ ಉದ್ದನೆಯವೇ, ಹಾಗಾಗಿ ಕರುಳಿನಲ್ಲಿ ರಕ್ತ ನಿಲ್ಲುವುದಿಲ್ಲ. ಕವಾಟ ಬದಲಿಸಿದರೆ ಬಹಳ ಜನರಲ್ಲಿ ರಕ್ತ ಹೋಗುವುದು ನಿಲ್ಲುತ್ತದೆ.

ನನಗೆ ಕಳವಳ ಇರುವುದು ನಮ್ಮ ಮನೆಗಳ ಹೆಣ್ಣುಮಕ್ಕಳ ಬಗ್ಗೆ. ಈ ಪ್ರೋಟೀನು ಕಡಿಮೆಯಿದ್ದರೆ ಇಲ್ಲವೇ ಸರಿಯಾಗಿ ಕೆಲಸ ಮಾಡದಿದ್ದರೆ ಬರುವ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಹುಟ್ಟಿನಿಂದ ಬರುವ ರಕ್ತಸ್ರಾವದ ತೊಂದರೆಗಳಲ್ಲೇ ಅತಿ ಸಾಮಾನ್ಯ. ಮುಟ್ಟಿನಲ್ಲಿ ವಿಪರೀತ ರಕ್ತ ಹೋದರೆ ‘ಮೈ ಉಷ್ಣ’ ಅಂತ ಎಳನೀರು ಕುಡಿಸುತ್ತಾರೆ, ಇಲ್ಲವೇ ದೃಷ್ಟಿ ತೆಗೆಯುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೂ ಪ್ಲೇಟ್‌ಲೆಟ್ ಲೆಕ್ಕ ಸಾಮಾನ್ಯವಾಗಿ ಸರಿಯಾಗೇ ಬರುತ್ತದೆ. ಈ ಪ್ರೋಟೀನು ಎಷ್ಟಿದೆ, ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಬೇರೆಯೇ ಪರೀಕ್ಷೆ ಇದೆ. ಅದನ್ನು ವೈದ್ಯರ ಬಳಿ ಕೇಳಿ ಮಾಡಿಸಬೇಕು.